ಎರಡು ಪಟ್ಟಿಗಳ ಹೋಲಿಕೆಯನ್ನು ಕುರಿತು

ಈ ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ನಮ್ಮ ಪಾಠಶಾಲೆಯ ಪೂರ್ವ ವಿದ್ಯಾರ್ಥಿನಿಯರ ಹೆಸರುಗಳನ್ನು ಅಚ್ಚು ಹಾಕಿಸಿರುವುದನ್ನು ವಾಚಕರು ನೋಡುವರು. ಸಂಚಿಕೆಯು ಕೈಗೆ ಬಂದೊಡನೆ ಹೆಚ್ಚಿನವರು ಮೊದಲು ತೆರೆಯತಕ್ಕದ್ದು ಆ ಪುಟಗಳನ್ನೇ ಹೊರತು ಮುಖ್ಯೋಪಾಧ್ಯಾಯಿನಿಯ ಲೇಖನವನ್ನಲ್ಲವೆಂಬುದನ್ನು ನಾನು ಚೆನ್ನಾಗಿ ಬಲ್ಲೆನು. ಅದಕ್ಕಾಗಿ ನನಗೆ ಅಸಮಾಧಾನವೇನೂ ಇಲ್ಲ. ತಾನು ಬಾಲ್ಯದಲ್ಲಿ ಕುಳಿತು ಓದಿದ ಮನೆಯು ತನ್ನನ್ನು ಮರೆಯಲಿಲ್ಲವೆಂಬುದನ್ನು ಅಚ್ಚಿನಲ್ಲಿ ನೋಡಬೇಕೆಂಬ ಆಶೆಯು ಯಾರಿಗೆ ತಾನೇ ಇರುವುದಿಲ್ಲ? ಆದಕಾರಣ ಆ ಪಟ್ಟಿಯು ಹೇಗೆ ಸಿದ್ಧವಾಯಿತು, ಅದರಲ್ಲಿ ಎಷ್ಟರ ಮಟ್ಟಿಗೆ ನಂಬಿಕೆ ಇಡಬಹುದು, ಎಲ್ಲಿ ಇಡಬಾರದು ಎಂಬ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುವುದು ಉಚಿತವೆಂದು ತೋರಿತು.

ನಮ್ಮ ಬಳಿಯಲ್ಲಿ ಎರಡು ಪಟ್ಟಿಗಳಿದ್ದವು. ಒಂದು, ಪಾಠಶಾಲೆಯ ಅಡ್ಮಿಷನ್ ರಿಜಿಸ್ಟರುಗಳಿಂದ ಇಳಿಸಿಕೊಂಡದ್ದು. ಹಲವು ಗುಮಾಸ್ತರ ಹಲವು ಬಗೆಯ ಕೈಬರಹದಲ್ಲಿರುವ ಆ ದೊಡ್ಡ ಪುಸ್ತಕಗಳ ಹೆಸರುಗಳನ್ನು ನಮ್ಮ ಕಂಪ್ಯೂಟರ್ ಸಂಘದ ಹುಡುಗಿಯರು ಸಾಯಂಕಾಲಗಳಲ್ಲಿ ಕುಳಿತು, ಒಬ್ಬಳು ಓದಿ ಹೇಳಲು ಇನ್ನೊಬ್ಬಳು ಬೆರಳಚ್ಚು ಮಾಡಿ ಯಂತ್ರಕ್ಕೆ ಸೇರಿಸಿದರು. ಇನ್ನೊಂದು, ಪೂರ್ವ ವಿದ್ಯಾರ್ಥಿನಿಯರು ಪತ್ರದ ಮೂಲಕವೂ ದೂರವಾಣಿಯ ಮೂಲಕವೂ ತಾವಾಗಿಯೇ ಕಳುಹಿಸಿಕೊಟ್ಟ ಹೆಸರುಗಳು. ಇವೆರಡನ್ನು ಹೋಲಿಸಿ ನೋಡಿ, ಎರಡರಲ್ಲಿಯೂ ಇರುವವರು ಯಾರು, ರಿಜಿಸ್ಟರಿನಲ್ಲಿದ್ದು ನಮಗೆ ಸಮಾಚಾರ ಸಿಕ್ಕದವರು ಯಾರು, ಸಮಾಚಾರ ಕಳುಹಿಸಿದ್ದರೂ ರಿಜಿಸ್ಟರಿನಲ್ಲಿ ಕಾಣದವರು ಯಾರು ಎಂದು ಮೂರು ಪಾಲು ಮಾಡಬೇಕಾಗಿತ್ತು. ಹಿಂದಿನ ಕಾಲದಲ್ಲಾದರೆ ಇಬ್ಬರು ಉಪಾಧ್ಯಾಯಿನಿಯರು ಎದುರುಬದುರಾಗಿ ಕುಳಿತು, ಕೆಂಪು ಸೀಸದ ಕಡ್ಡಿಯಿಂದ ಗುರುತು ಹಾಕುತ್ತಾ ಈ ಕೆಲಸವನ್ನು ಮುಗಿಸುತ್ತಿದ್ದರು. ಈಗ ಇದನ್ನು ಹುಡುಗಿಯರಿಗೆ ಒಂದು ಅಭ್ಯಾಸವಾಗಿ ಕೊಡೋಣವೆಂದು ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯವರು ಹೇಳಲು ನಾನು ಸಂತೋಷದಿಂದ ಒಪ್ಪಿದೆನು. ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ನಾನೂ ಹಲವು ಸಾಯಂಕಾಲ ಕುಳಿತುಕೊಂಡದ್ದುಂಟು.

ಹುಡುಗಿಯರು ಬಳಸಿದ್ದು ಜಾವಾ ಎಂಬ ಭಾಷೆ. ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಸಂಸ್ಥೆಯವರು, ಜೇಮ್ಸ್ ಗಾಸ್ಲಿಂಗ್ ಎಂಬವರ ಮುಂದಾಳುತನದಲ್ಲಿ ಇದನ್ನು ರಚಿಸಿ 1995ರಲ್ಲಿ ಲೋಕದ ಮುಂದಿಟ್ಟರು; 2010ರಲ್ಲಿ ಆ ಸಂಸ್ಥೆಯು ಆರಕಲ್ ಸಂಸ್ಥೆಯ ವಶವಾಯಿತು. ನಮಗೆ ಮುಖ್ಯವಾದ ಸಂಗತಿ ಬೇರೊಂದುಂಟು. ಲೋಕದ ಲಿಪಿಗಳಿಗೆಲ್ಲಾ ಅಕ್ಷರಕ್ಕೊಂದರಂತೆ ಸಂಖ್ಯೆ ಕೊಡತಕ್ಕ ಯೂನಿಕೋಡ್ ಎಂಬ ಏರ್ಪಾಟಿನ 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಜಾವಾ ಭಾಷೆಯು ಹುಟ್ಟಿದಂದಿನಿಂದಲೂ ಆ ಏರ್ಪಾಟನ್ನೇ ಅನುಸರಿಸಿತು. ಹೀಗಿರಲಾಗಿ ನಮ್ಮ ಹೆಣ್ಣುಮಕ್ಕಳ ಹೆಸರುಗಳನ್ನು ರೋಮನ್ ಅಕ್ಷರಗಳಿಗೆ ತಿರುಗಿಸದೆ ಕನ್ನಡದಲ್ಲಿಯೇ ಇಟ್ಟುಕೊಳ್ಳಲು ಸಾಧ್ಯವಾಯಿತು.

ಈ ಭಾಷೆಯಲ್ಲಿ ಒಂದು ಹೆಸರನ್ನು ಸ್ಟ್ರಿಂಗ್ ಎನ್ನುವರು. ಅಂದರೆ ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದಾಗಿ ಕಟ್ಟಿದ ಅಕ್ಷರಗಳ ಸರ. ಅಂಥ ಹೆಸರುಗಳನ್ನು ಸಾಲಾಗಿ ಇಡತಕ್ಕ ಮನೆಗಳ ಸಾಲನ್ನು ಅರೇ ಎನ್ನುವರು. ಮನೆಗಳಿಗೆ ಒಂದರಿಂದಲ್ಲ, ಸೊನ್ನೆಯಿಂದ ನಂಬರು ಹಾಕುವುದು ಇಲ್ಲಿನ ಪದ್ಧತಿ. ನೂರು ಮನೆಗಳಿದ್ದರೆ ಕೊನೆಯದರ ನಂಬರು 99. ಎಷ್ಟು ಮನೆಗಳೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಹೆಸರು ತುಂಬದೆ ಉಳಿದ ಮನೆಯಲ್ಲಿ ‘ನಲ್’ ಎಂಬ ಶೂನ್ಯವು ವಾಸಮಾಡುತ್ತದೆ. ಆ ಖಾಲಿ ಮನೆಯ ಬಾಗಿಲು ತಟ್ಟಿ ‘ನಿನ್ನ ಹೆಸರು ಇದಕ್ಕೆ ಸಮವೋ?’ ಎಂದು ಕೇಳಿದರೆ ಪ್ರೋಗ್ರಾಮು ಅಲ್ಲಿಯೇ ಮುಗ್ಗರಿಸಿ ನಿಂತುಬಿಡುವುದು.

ಎರಡು ಅರೇಗಳನ್ನು ಕೊಟ್ಟು ‘ಇವೆರಡೂ ಒಂದೇಯೋ?’ ಎಂದು ಕೇಳುವುದು ಬಹು ಸುಲಭವೆಂದು ಹುಡುಗಿಯರು ಭಾವಿಸಿದ್ದರು. ಆದರೆ ಆ ಪ್ರಶ್ನೆಗೆ ಯಂತ್ರವು ಕೊಡುವ ಉತ್ತರವು ನಮಗೆ ಬೇಕಾದ ಉತ್ತರವಲ್ಲ. ಅರೇಗೆ ಸ್ವಂತವಾಗಿರುವ ‘ಈಕ್ವಲ್ಸ್’ ಎಂಬ ವಿಧಾನವು, ಇವೆರಡೂ ಒಂದೇ ಸ್ಥಳದಲ್ಲಿರುವ ಒಂದೇ ಸಾಲೋ ಎಂದು ಮಾತ್ರ ನೋಡುತ್ತದೆ. ಒಳಗಿನ ಹೆಸರುಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ‘ಅರೇಸ್’ ಎಂಬ ಸಹಾಯಕ ವರ್ಗದ ‘ಈಕ್ವಲ್ಸ್’ ಹೆಸರುಗಳನ್ನು ನೋಡುವುದೇನೋ ಹೌದು; ಆದರೆ ಇಲ್ಲಿನ ಮೊದಲನೆಯದನ್ನು ಅಲ್ಲಿನ ಮೊದಲನೆಯದರೊಡನೆ, ಎರಡನೆಯದನ್ನು ಎರಡನೆಯದರೊಡನೆ ಎಂಬ ಕ್ರಮದಿಂದಲೇ ನೋಡುತ್ತದೆ. ಒಂದು ಪಟ್ಟಿಯ ತಲೆಯಲ್ಲಿ ಒಂದು ಹೆಸರು ಹೆಚ್ಚಾಗಿ ಸೇರಿದರೆ ಸಾಕು, ‘ಸಮವಲ್ಲ’ ಎಂದು ಹೇಳಿ ಮುಗಿಸುವುದು. ಯಾರು ಹೆಚ್ಚು, ಯಾರು ಕಡಿಮೆ ಎಂದು ತಿಳಿಸುವುದಿಲ್ಲ. ಆದುದರಿಂದ ಒಂದು ಪಟ್ಟಿಯ ಪ್ರತಿಯೊಂದು ಹೆಸರನ್ನು ಹಿಡಿದುಕೊಂಡು ಇನ್ನೊಂದು ಪಟ್ಟಿಯ ಬಾಗಿಲು ಬಾಗಿಲಿಗೂ ಹೋಗಿ ಕೇಳಿಕೊಂಡು ಬರುವುದೇ ಮೊದಲನೆಯ ಉಪಾಯ. ಸುತ್ತಿನೊಳಗೊಂದು ಸುತ್ತು. ಒಂದರಲ್ಲಿ 2,000, ಇನ್ನೊಂದರಲ್ಲಿ 700 ಹೆಸರುಗಳಿದ್ದರೆ ಹೆಚ್ಚೆಂದರೆ 14,00,000 ಸಲ ಕೇಳಬೇಕಾದೀತು.

ಇನ್ನು ಆ ‘ಕೇಳುವುದು’ ಎಂದರೇನು? ಈ ಪ್ರಸ್ತಾಪದ ತಿರುಳೇ ಇದಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಎರಡು ಹೆಸರುಗಳು ಒಂದೇಯೋ ಎಂದು ಕೇಳಲು ಜಾವಾದಲ್ಲಿ ಎರಡು ದಾರಿಗಳುಂಟು. ಎರಡು ಸಮಚಿಹ್ನೆಗಳನ್ನು ಜೋಡಿಸಿ ಬರೆದರೆ, ‘ಈ ಎರಡು ಮಾತುಗಳೂ ಬೆರಳು ಮಾಡಿ ತೋರಿಸುವುದು ಒಂದೇ ವಸ್ತುವನ್ನೋ?’ ಎಂದು ಕೇಳಿದಂತೆ. ಸ್ಟ್ರಿಂಗಿನ ‘ಈಕ್ವಲ್ಸ್’ ಎಂಬ ವಿಧಾನದಿಂದ ಕೇಳಿದರೆ, ‘ಎರಡು ಬೇರೆ ಬೇರೆ ವಸ್ತುಗಳಾಗಿದ್ದರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿದೆಯೋ?’ ಎಂದು ಕೇಳಿದಂತೆ. ಒಂದೇ ಸೀರೆಯೋ, ಒಂದೇ ಬಗೆಯ ಎರಡು ಸೀರೆಗಳೋ ಎಂಬಷ್ಟು ಅಂತರ ಇವುಗಳ ನಡುವೆ ಉಂಟು.

ಹುಡುಗಿಯರು ಮೊದಲು ಹತ್ತು ಹೆಸರುಗಳನ್ನು ಪ್ರೋಗ್ರಾಮಿನೊಳಗೇ ಬರೆದು, ಸಮಚಿಹ್ನೆಗಳಿಂದ ಹೋಲಿಸಿ ನೋಡಿದರು. ಎಲ್ಲವೂ ಸರಿಯಾಗಿಯೇ ಬಂದಿತು. ಚಪ್ಪಾಳೆಯೂ ಆಯಿತು. ಮರುದಿನ ರಿಜಿಸ್ಟರಿನ ಕಡತದಿಂದ ಹೆಸರುಗಳನ್ನು ಓದಿಸಿ ಅದೇ ಪ್ರೋಗ್ರಾಮನ್ನು ನಡೆಯಿಸಲಾಗಿ, ಎರಡು ಪಟ್ಟಿಗಳಿಗೂ ಸಾಮಾನ್ಯವಾದ ಹೆಸರು ಒಂದಾದರೂ ಇಲ್ಲವೆಂದು ಯಂತ್ರವು ಹೇಳಿತು. ಕಣ್ಣಿಗೆ ಕಾಣುವಂತೆ ಎರಡು ಕಡೆಯೂ ಅದೇ ಹೆಸರುಗಳಿರಲು ಹೀಗಾದುದೇಕೆಂದು ಮಕ್ಕಳು ಬಹಳ ಬೇಸರಪಟ್ಟರು. ಕಾರಣವು ಹೀಗಿದೆ: ಪ್ರೋಗ್ರಾಮಿನೊಳಗೆ ನೇರವಾಗಿ ಬರೆದ ಹೆಸರುಗಳನ್ನು ಜಾವಾ ಒಂದು ಸಾಮಾನ್ಯ ಭಂಡಾರದಲ್ಲಿಡುವುದು, ಅದೇ ಹೆಸರು ಎರಡನೆಯ ಸಲ ಬಂದರೆ ಹೊಸದನ್ನು ಮಾಡದೆ ಭಂಡಾರದಲ್ಲಿರುವುದನ್ನೇ ತೋರಿಸುವುದು. ಹೀಗೆ ಅವೆರಡೂ ನಿಜವಾಗಿಯೇ ಒಂದೇ ವಸ್ತುವಾಗಿರುತ್ತವೆ. ಕಡತದಿಂದ ಓದಿಕೊಂಡ ಹೆಸರುಗಳಾದರೋ ಒಂದೊಂದೂ ಬೇರೆ ಬೇರೆಯಾಗಿ ಹುಟ್ಟಿದವು. ಅಕ್ಷರಗಳು ಒಂದೇ ಆಗಿದ್ದರೂ ವಸ್ತುಗಳು ಎರಡು. ಯಂತ್ರವು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಸಣ್ಣ ಪರೀಕ್ಷೆಯಲ್ಲಿ ಗೆದ್ದು ದೊಡ್ಡ ಕೆಲಸದಲ್ಲಿ ಸೋಲುವ ಈ ಬಗೆಯ ತಪ್ಪು ಕಲಿಯುವವರಿಗೆಲ್ಲಾ ಆಗುವಂಥದೇ ಎಂದು ಉಪಾಧ್ಯಾಯಿನಿಯವರು ಸಮಾಧಾನ ಹೇಳಿ, ಸಮಚಿಹ್ನೆಗಳನ್ನು ತೆಗೆಯಿಸಿ ‘ಈಕ್ವಲ್ಸ್’ ಎಂದು ಬರೆಯಿಸಿದರು. ಕೂಡಲೇ ನೂರಾರು ಹೆಸರುಗಳು ಜೊತೆಗೂಡಿದವು.

ವೇಗದ ವಿಷಯವಾಗಿ ಒಂದೆರಡು ಮಾತು ಸಾಕು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟುಕೊಂಡರೆ, ನಿಘಂಟನ್ನು ನಡುವೆ ತೆರೆದು ಮುಂದಕ್ಕೋ ಹಿಂದಕ್ಕೋ ಹೋಗುವಂತೆ, 2,000 ಹೆಸರುಗಳಲ್ಲಿ ಒಂದನ್ನು 11 ಸಲ ನೋಡುವುದರೊಳಗಾಗಿ ಕಂಡುಹಿಡಿಯಬಹುದು. ಅದಕ್ಕಿಂತಲೂ ಚುರುಕಾದದ್ದು ‘ಹ್ಯಾಶ್‌ಸೆಟ್’ ಎಂಬ ಗೂಡುಗಳ ಕಪಾಟು. ಪ್ರತಿಯೊಂದು ಹೆಸರಿನ ಅಕ್ಷರಗಳ ಸಂಖ್ಯೆಗಳಿಂದ, 31ರಿಂದ ಗುಣಿಸುತ್ತಾ ಕೂಡುತ್ತಾ ಹೋಗಿ ಒಂದು ಅಂಕೆಯನ್ನು ಮಾಡಿ, ಆ ಅಂಕೆಯ ಗೂಡಿನಲ್ಲಿ ಹೆಸರನ್ನು ಇಡುವರು. ಹುಡುಕುವಾಗ ನೇರವಾಗಿ ಆ ಗೂಡಿಗೇ ಕೈಹಾಕುವರು. ಆದರೂ ಅಂಕೆ ಒಂದಾದ ಮಾತ್ರಕ್ಕೆ ಹೆಸರು ಒಂದಾಗದು. ‘ಸಾ’ ಎಂಬುದಕ್ಕೂ ‘ಹಟ’ ಎಂಬುದಕ್ಕೂ ಈ ಲೆಕ್ಕದಿಂದ ಬರುವ ಅಂಕೆ 1,04,198 ಒಂದೇ. ಸಂದೇಹವಿದ್ದ ಹುಡುಗಿಯರು ಕಾಗದದ ಮೇಲೆ ಗುಣಿಸಿ ನೋಡಿ ಒಪ್ಪಿಕೊಂಡರು. ಆದಕಾರಣ ಗೂಡಿನೊಳಗೆ ಕೈಹಾಕಿದ ಮೇಲೆಯೂ ‘ಈಕ್ವಲ್ಸ್’ ಕೇಳಲೇಬೇಕು. ನಮ್ಮಂಥ ಚಿಕ್ಕ ಕೆಲಸಕ್ಕೆ ಈ ಚಮತ್ಕಾರಗಳೆಲ್ಲಾ ಅಗತ್ಯವಿರಲಿಲ್ಲ; ಹದಿನಾಲ್ಕು ಲಕ್ಷ ಪ್ರಶ್ನೆಗಳನ್ನು ಈಗಿನ ಯಂತ್ರಗಳು ನಾವು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿಸಿಬಿಡುತ್ತವೆ. ಆದರೂ ಹುಡುಗಿಯರು ಎಲ್ಲವನ್ನೂ ಮಾಡಿ ನೋಡಿದರೆಂಬುದು ನನಗೆ ಸಂತೋಷ.

ಜೊತೆಗೂಡದೆ ಉಳಿದ ಹೆಸರುಗಳ ಕಡೆಗೆ ಈಗ ತಿರುಗೋಣ. ಅವು ಬಹಳವಿದ್ದವು, ನಿಜವಾದ ಕೆಲಸವು ಅಲ್ಲಿಂದಲೇ ಆರಂಭವಾಯಿತು. ಕೆಲವು ಹೆಸರುಗಳ ಹಿಂದೆಯೋ ಮುಂದೆಯೋ ಬೆರಳಚ್ಚಿನಲ್ಲಿ ಒಂದು ತೆರಪು ಬಿದ್ದಿತ್ತು. ನಮ್ಮ ಕಣ್ಣಿಗೆ ತೆರಪು ಏನೂ ಅಲ್ಲ. ಯಂತ್ರಕ್ಕೆ ಅದೂ ಒಂದು ಅಕ್ಷರವೇ. ‘ಟ್ರಿಮ್’ ಎಂಬ ವಿಧಾನದಿಂದ ಎರಡು ತುದಿಗಳನ್ನೂ ಕತ್ತರಿಸಿದುದರಿಂದ ಆ ತೊಂದರೆ ನೀಗಿತು. ಇಂಗ್ಲಿಷ್ ಹೆಸರುಗಳ ಅಂಕಣದಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರಗಳ ಭೇದವನ್ನು ಬದಿಗಿಟ್ಟು ಹೋಲಿಸುವ ವಿಧಾನವೂ ಉಂಟು. ನಮ್ಮ ಕನ್ನಡದಲ್ಲಿ ಅಕ್ಷರಗಳಿಗೆ ದೊಡ್ಡದು ಸಣ್ಣದೆಂಬ ಭೇದವೇ ಇಲ್ಲವಾದುದರಿಂದ ಆ ಕಷ್ಟವು ನಮಗಿರಲಿಲ್ಲ.

ನಮಗಿದ್ದ ಕಷ್ಟ ಬೇರೆ. ‘ಸಲೋಮಿ’ ಎಂಬ ಹೆಸರನ್ನು ತೆಗೆದುಕೊಳ್ಳಿರಿ. ನಾವು ಮೂರು ಅಕ್ಷರವೆಂದು ಎಣಿಸುತ್ತೇವೆ. ಯಂತ್ರವು ಎಣಿಸುವುದು ಐದು: ಸ, ಲ, ಓಕಾರದ ಚಿಹ್ನೆ, ಮ, ಇಕಾರದ ಚಿಹ್ನೆ. ಆದರೆ ಅದೇ ಓಕಾರವನ್ನು ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಎಂದು ಮೂರು ತುಂಡುಗಳಾಗಿಯೂ ಯಂತ್ರದಲ್ಲಿ ಇಡಬಹುದು. ಆಗ ಹೆಸರಿನ ಉದ್ದವು ಏಳು. ಪರದೆಯ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣುವುವು, ಓದುವಾಗಲೂ ಒಂದೇ, ಅಚ್ಚಿನಲ್ಲಿಯೂ ಒಂದೇ. ‘ಈಕ್ವಲ್ಸ್’ ಮಾತ್ರ, ಐದಕ್ಕೂ ಏಳಕ್ಕೂ ಎಲ್ಲಿಯ ಸಂಬಂಧ ಎಂದು ಕೈಬಿಡುವುದು. ‘ಲೀಲಾ’ ಎಂಬುದರ ಈಕಾರಕ್ಕೂ, ‘ಹೇಮಾ’ ಎಂಬುದರ ಏಕಾರಕ್ಕೂ ಇದೇ ಅವಸ್ಥೆ. ಇದಕ್ಕೆ ಪರಿಹಾರವಾಗಿ ಜಾವಾದಲ್ಲಿ ‘ನಾರ್ಮಲೈಸರ್’ ಎಂಬದೊಂದುಂಟು. ಹೋಲಿಸುವುದಕ್ಕೆ ಮೊದಲು ಎರಡು ಹೆಸರುಗಳನ್ನೂ ಅದರ ಮೂಲಕ ಹಾಯಿಸಿದರೆ, ತುಂಡುಗಳಾಗಿರುವ ಚಿಹ್ನೆಗಳು ಕೂಡಿಕೊಂಡು ಒಂದೇ ರೂಪಕ್ಕೆ ಬರುವುವು.

ಇದಕ್ಕೂ ಸೂಕ್ಷ್ಮವಾದುದು ಕಣ್ಣಿಗೆ ಕಾಣದ ಅಕ್ಷರ. ‘ಮಾರ್ಗರೆಟ್’ ಎಂಬಲ್ಲಿ ರಕಾರವು ಅರ್ಕಾವೊತ್ತಾಗಿ ಗಕಾರದೊಡನೆ ಸೇರದೆ ಬಿಡಿಯಾಗಿ ನಿಲ್ಲಬೇಕೆಂದು ಕೆಲವರು ನಡುವೆ ಒಂದು ಅದೃಶ್ಯವಾದ ಗುರುತನ್ನು ಒತ್ತುತ್ತಾರೆ. ಅದಕ್ಕೆ ಅಗಲವೂ ಇಲ್ಲ, ಬಣ್ಣವೂ ಇಲ್ಲ. ಟ್ರಿಮ್ ಅದನ್ನು ಮುಟ್ಟದು. ನಾರ್ಮಲೈಸರ್ ಕೂಡ ಮುಟ್ಟದು. ಹುಡುಗಿಯರು ಅದನ್ನು ಹೆಸರು ಹಿಡಿದು ಹುಡುಕಿ ತೆಗೆದುಹಾಕಬೇಕಾಯಿತು. ಒಬ್ಬ ಹುಡುಗಿಯಂತೂ ಒಂದು ಹೆಸರನ್ನು ಒಂದೊಂದು ಅಕ್ಷರವಾಗಿ ಬಿಡಿಸಿ, ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, “ಟೀಚರ್, ಕಳ್ಳನು ಇಲ್ಲಿದ್ದಾನೆ ನೋಡಿರಿ” ಎಂದು ತೋರಿಸಿದಳು. ಆ ದಿವಸ ಅವಳ ಮುಖದಲ್ಲಿದ್ದ ಸಂತೋಷವನ್ನು ಅವಳ ತಂದೆತಾಯಿಗಳು ನೋಡಬೇಕಾಗಿತ್ತು.

ಅಕಾರಾದಿ ಜೋಡಣೆಯಲ್ಲಿಯೂ ಒಂದು ವಿನೋದವಾಯಿತು. ಹೆಸರುಗಳಲ್ಲಿ ಮುಂದಿನದು ಯಾವುದು, ಹಿಂದಿನದು ಯಾವುದು ಎಂದು ಹೇಳುವ ‘ಕಂಪೇರ್‌ಟು’ ಎಂಬ ವಿಧಾನವು ಅಕ್ಷರಗಳ ಸಂಖ್ಯೆಯನ್ನು ಮಾತ್ರ ನೋಡುವುದು. ಯೂನಿಕೋಡಿನಲ್ಲಿ ಳಕಾರಕ್ಕೆ ಲಕಾರದ ನೆರೆಮನೆಯನ್ನು ಕೊಟ್ಟಿರುವುದರಿಂದ, ನಾವೆಲ್ಲರೂ ಮಗ್ಗಿಯಂತೆ ಬಾಯಿಪಾಠ ಮಾಡಿದ ವರ್ಣಮಾಲೆಯಲ್ಲಿ ಹಕಾರದ ನಂತರ ಕೊನೆಗೆ ಬರತಕ್ಕ ಳಕಾರವು, ಯಂತ್ರದ ಪಟ್ಟಿಯಲ್ಲಿ ವಕಾರಕ್ಕೂ ಮುಂಚಿತವಾಗಿಯೇ ಬಂದು ಕುಳಿತುಕೊಳ್ಳುವುದು. ‘ಕಮಲಾ’ ಇರತಕ್ಕಲ್ಲಿ ಕಮಲಾ ಇರುವಳು. ‘ಕಾಳಮ್ಮ’ ಮಾತ್ರ ‘ಕಾವೇರಿ’ಯನ್ನು ದಾಟಿ ಮುಂದೆ ಹೋಗುವಳು. ಆಯಾ ಭಾಷೆಯ ಕ್ರಮವನ್ನು ಬಲ್ಲ ‘ಕೊಲೇಟರ್’ ಎಂಬ ಸಾಧನವು ಬೇರೆ ಉಂಟಾದರೂ, ಅಚ್ಚಿನ ಪಟ್ಟಿಯನ್ನು ನಮ್ಮ ಕನ್ನಡ ಪಂಡಿತರು ಕೊನೆಗೊಮ್ಮೆ ಕಣ್ಣಾಡಿಸಿ ಸರಿಪಡಿಸಿಕೊಟ್ಟರು.

ಇಷ್ಟೆಲ್ಲಾ ಆದ ಮೇಲೆಯೂ ಉಳಿದವರು ಉಂಟು. ಇವರ ವಿಷಯದಲ್ಲಿ ಅಕ್ಷರಗಳೇ ಬೇರೆ. ರಿಜಿಸ್ಟರಿನಲ್ಲಿ ‘ಎಸ್ತೇರ್’ ಎಂದೂ, ಅವರೇ ಕಳುಹಿಸಿದ ಪತ್ರದಲ್ಲಿ ‘ಎಸ್ತೆರ್’ ಎಂದೂ ಇರುತ್ತದೆ. ಒಂದು ಕಡೆ ತಂದೆಯ ಹೆಸರಿನ ಮೊದಲಕ್ಷರ, ಇನ್ನೊಂದು ಕಡೆ ಗಂಡನ ಹೆಸರು. ಒಂದು ಕಡೆ ‘ಮರಿಯಮ್ಮ’, ಇನ್ನೊಂದು ಕಡೆ ‘ಮೇರಿ’. ಒಂದು ಹೆಸರನ್ನು ಇನ್ನೊಂದನ್ನಾಗಿ ಮಾಡಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಾಯಿಸಬೇಕು ಎಂದು ಎಣಿಸಿ ಅವುಗಳ ನಡುವಣ ದೂರವನ್ನು ಅಳೆಯುವ ಒಂದು ಲೆಕ್ಕವನ್ನು ರಷ್ಯಾ ದೇಶದ ವ್ಲಾದಿಮಿರ್ ಲೆವೆನ್‌ಸ್ಟೈನ್ ಎಂಬ ವಿದ್ವಾಂಸರು 1965ರಲ್ಲಿ ಪ್ರಕಟಿಸಿದರು. ಹುಡುಗಿಯರು ಅದನ್ನೂ ಬರೆದರು. ‘ಎಸ್ತೇರ್’, ‘ಎಸ್ತೆರ್’ ಇವುಗಳ ನಡುವಣ ದೂರ ಒಂದು. ಅಂದಮೇಲೆ ದೂರವು ಒಂದಾಗಿದ್ದವರೆಲ್ಲರನ್ನೂ ಒಬ್ಬರೆಂದೇ ಎಣಿಸೋಣವೇ ಎಂದು ಅವರು ಕೇಳಿದರು. ಉಪಾಧ್ಯಾಯಿನಿಯವರು ಏನೂ ಹೇಳದೆ ಹಲಗೆಯ ಮೇಲೆ ‘ಲೀಲಾ’ ಎಂದೂ ಅದರ ಪಕ್ಕದಲ್ಲಿ ‘ಶೀಲಾ’ ಎಂದೂ ಬರೆದರು. ಅವುಗಳ ನಡುವಣ ದೂರವೂ ಒಂದೇ. ಹಾಗೆ ಹೆಸರಿಟ್ಟ ಅಕ್ಕತಂಗಿಯರು ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ಉಂಟು. ನಮ್ಮ ರಿಜಿಸ್ಟರಿನಲ್ಲಿಯೂ ಉಂಟು. ಒಂದು ಜೊತೆಯಲ್ಲಿ ಅಕ್ಷರ ಬೇರೆ, ವ್ಯಕ್ತಿ ಒಬ್ಬಳು. ಇನ್ನೊಂದು ಜೊತೆಯಲ್ಲಿ ಅಕ್ಷರವೂ ಬೇರೆ, ವ್ಯಕ್ತಿಗಳೂ ಬೇರೆ. ಲೆಕ್ಕಕ್ಕೆ ಎರಡೂ ಒಂದೇ ಆಗಿ ಕಾಣುವುವು. ತರಗತಿಯು ಸುಮ್ಮನಾಯಿತು.

ಇದರ ಎದುರುಬದಿಯೂ ಒಂದುಂಟು. ಹ್ಯಾಶ್‌ಸೆಟ್ ಎಂಬ ಆ ಕಪಾಟಿನ ಸ್ವಭಾವವೇನೆಂದರೆ, ಒಂದೇ ಹೆಸರು ಎರಡು ಸಲ ಬಂದರೆ ಎರಡನೆಯದನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುವುದು. ಒಂದೇ ವರುಷದಲ್ಲಿ ಒಂದೇ ತರಗತಿಗೆ ಸೇರಿದ, ಒಂದೇ ಹೆಸರಿನ ಇಬ್ಬರು ಹುಡುಗಿಯರು ಅದರ ಲೆಕ್ಕದಲ್ಲಿ ಒಬ್ಬಳಾಗಿಬಿಡುವರು. ಯಾವ ತಪ್ಪಿನ ಸೂಚನೆಯೂ ಪರದೆಯ ಮೇಲೆ ಬಾರದು. ಒಟ್ಟು ಸಂಖ್ಯೆಯು ರಿಜಿಸ್ಟರಿನ ಸಂಖ್ಯೆಗಿಂತ ಕಡಿಮೆಯಾಗಿರುವುದನ್ನು ಎಣಿಸಿ ನೋಡಿದವರಿಗೆ ಮಾತ್ರ ಅದು ತಿಳಿಯುವುದು. ನನ್ನ ಮಟ್ಟಿಗೆ ಇದುವೇ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಲಕಿದ ಸಂಗತಿ. ಹೆಸರಿನ ಕಾಗುಣಿತ ತಪ್ಪಿ ಒಬ್ಬಳು ಬಿಟ್ಟುಹೋದರೆ ಅವಳು ‘ಸಿಕ್ಕದವರು’ ಎಂಬ ಪಾಲಿನಲ್ಲಾದರೂ ಉಳಿಯುವಳು, ನಾವು ಹುಡುಕಬಹುದು. ಗೆಳತಿಯ ಹೆಸರಿನೊಳಗೆ ಮುಳುಗಿಹೋದವಳು ಯಾವ ಪಾಲಿನಲ್ಲಿಯೂ ಇರುವುದಿಲ್ಲ.

ಸಮಚಿಹ್ನೆಯ ಪ್ರಶ್ನೆಯನ್ನು ಮಕ್ಕಳು ಅವಸರದಿಂದ ಕೇಳಿ ಮೋಸಹೋದರೆಂದು ಮೇಲೆ ಬರೆದೆನಷ್ಟೆ. ಆದರೆ ಯೋಚಿಸಿದರೆ, ನಮಗೆ ಬೇಕಾಗಿದ್ದುದು ನಿಜವಾಗಿ ಆ ಪ್ರಶ್ನೆಯೇ: ಈ ಎರಡು ಬರಹಗಳೂ ಬೆರಳು ಮಾಡಿ ತೋರಿಸುವುದು ಒಬ್ಬಳೇ ಹುಡುಗಿಯನ್ನೋ? ಯಂತ್ರಕ್ಕೆ ಗೊತ್ತಿರುವುದು ಅದರ ಸ್ಮರಣೆಯೊಳಗಿನ ವಸ್ತುಗಳು ಮಾತ್ರ. ಬೆಳಿಗ್ಗೆ ಗಂಟೆ ಬಾರಿಸುವಾಗ ಪುಸ್ತಕದ ಚೀಲ ಹೊತ್ತು ಓಡಿಬರುತ್ತಿದ್ದ ಹುಡುಗಿಯನ್ನು ಅದು ಕಂಡಿಲ್ಲ. ಅವಳನ್ನು ಕಂಡಿದ್ದ ಗುಮಾಸ್ತರು ಅದಕ್ಕಾಗಿಯೇ ರಿಜಿಸ್ಟರಿನ ಎಡಗಡೆಯ ಅಂಕಣದಲ್ಲಿ ಅಡ್ಮಿಷನ್ ನಂಬರನ್ನು ಬರೆದಿಟ್ಟರು. ಒಂದು ನಂಬರು ಒಬ್ಬಳಿಗೇ ಹೊರತು ಇನ್ನೊಬ್ಬಳಿಗೆ ಸಲ್ಲದು. ಕಡೆಗೆ ನಾವು ಮಾಡಿದ್ದೂ ಇದನ್ನೇ: ಹೆಸರಿನ ಬದಲಿಗೆ ನಂಬರನ್ನು ಬೀಗದ ಕೈಯಾಗಿ ಇಟ್ಟು, ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಸೇರಿದ ವರುಷ ಇವುಗಳನ್ನು ಆ ನಂಬರಿಗೆ ಅಂಟಿಸಿ, ಅನಂತರ ಹೋಲಿಸಿದೆವು. ಹೆಸರು ಒಂದಾಗಿ ನಂಬರು ಬೇರೆಯಾದರೆ ಇಬ್ಬರು. ಹೆಸರು ಬೇರೆಯಾಗಿ ತಾರೀಕೂ ತಂದೆಯ ಹೆಸರೂ ಒಂದಾದರೆ, ಮನುಷ್ಯರ ಕಣ್ಣಿನಿಂದ ನೋಡತಕ್ಕದ್ದೆಂದು ಬೇರೆ ಕಟ್ಟು.

ಇಷ್ಟು ಜಾಗ್ರತೆ ಏಕೆಂದು ಕೇಳುವವರಿಗೆ ಒಂದು ಸಂಗತಿಯನ್ನು ಹೇಳುವೆನು. ಕೆಲವು ವರುಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ನನಗೆ ತಾಯಿಯ ವಯಸ್ಸಿನವರು, ಒಂದು ಚೀಲದ ತುಂಬ ಕಾಗದಗಳನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಗಂಡನು ತೀರಿಕೊಂಡ ಮೇಲೆ ಅವರಿಗೆ ಬರಬೇಕಾಗಿದ್ದ ಪಿಂಚಣಿಯನ್ನು ಒಂದು ಕಚೇರಿಯವರು ತಡೆದಿದ್ದರು. ಪಾಠಶಾಲೆಯ ಪತ್ರದಲ್ಲಿರುವ ಹೆಸರಿಗೂ ಬೇರೆ ಕಾಗದದಲ್ಲಿರುವ ಹೆಸರಿಗೂ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರದ ವ್ಯತ್ಯಾಸವಿದ್ದುದೇ ಕಾರಣ. “ಅಮ್ಮಾ, ನಾನು ನಾನೇ ಅಲ್ಲ ಎನ್ನುತ್ತಾರೆ. ಎಂಟು ತಿಂಗಳಾಯಿತು” ಎಂದರು. ಕೂತುಕೊಳ್ಳಿ ಅಕ್ಕಾ ಎಂದು ಹೇಳಿ, ಅವರ ಟಿ.ಸಿ.ಯಲ್ಲಿದ್ದ ನಂಬರನ್ನು ನೋಡಿ, ಬೀರುವಿನಿಂದ ಹಳೆಯ ರಿಜಿಸ್ಟರನ್ನು ತೆಗೆಯಿಸಿದೆನು. ಆ ನಂಬರಿನ ಸಾಲಿನಲ್ಲಿ ಅವರ ತಂದೆಯ ಹೆಸರು, ಹುಟ್ಟಿದ ತಾರೀಕು, ಬಂದ ಊರು, ಬಿಟ್ಟ ದಿವಸ ಎಲ್ಲವೂ ಇದ್ದವು. ಅವರು ತಮ್ಮ ತಂದೆಯ ರುಜುವಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ರಿಜಿಸ್ಟರಿನ ಪ್ರಕಾರ ನಾನು ಬರೆದುಕೊಟ್ಟ ಪತ್ರವನ್ನೂ ಪ್ರಮಾಣಪತ್ರವನ್ನೂ ಜೊತೆಗಿಟ್ಟು ಕಳುಹಿಸಿದ ಮೇಲೆ ಅವರ ಹಣವು ಬಂದಿತು. ಆ ಕಚೇರಿಯ ಗುಮಾಸ್ತರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಎರಡು ಸ್ಟ್ರಿಂಗುಗಳು ಸಮವಲ್ಲವೆಂದು ಅವರು ಕಂಡದ್ದು ಸರಿಯೇ. ಅಲ್ಲಿಗೆ ನಿಂತುಬಿಟ್ಟರೆಂಬುದು, ಮೇಜಿನ ಆಚೆಗೆ ನಿಂತಿದ್ದ ಮನುಷ್ಯಳನ್ನು ನೋಡಲಿಲ್ಲವೆಂಬುದು ನನ್ನ ದೂರು.

ಇದನ್ನು ನಮ್ಮ ಹುಡುಗಿಯರಿಗೂ ಹೇಳಿದೆನು. ಏಕೆಂದರೆ ನಾಳೆ ಅಂಥ ಕಚೇರಿಗಳ ಪ್ರೋಗ್ರಾಮುಗಳನ್ನು ಬರೆಯತಕ್ಕವರು ಇವರೇ. ‘ಸಮವಲ್ಲ’ ಎಂಬ ಉತ್ತರ ಬಂದಾಗ ಬಾಗಿಲು ಮುಚ್ಚುವ ಪ್ರೋಗ್ರಾಮನ್ನೂ ಬರೆಯಬಹುದು, ‘ಒಬ್ಬರು ನೋಡಲಿ’ ಎಂದು ಬೇರೆ ಕಟ್ಟಿಗೆ ಸೇರಿಸುವ ಪ್ರೋಗ್ರಾಮನ್ನೂ ಬರೆಯಬಹುದು. ಎರಡಕ್ಕೂ ಬೇಕಾದದ್ದು ಒಂದೆರಡು ಸಾಲುಗಳಷ್ಟೇ.

ಪೋಷಕರಲ್ಲಿ ಒಂದು ಅರಿಕೆ. ಮಗುವನ್ನು ಸೇರಿಸುವ ದಿವಸ ಅರ್ಜಿಯಲ್ಲಿ ಬರೆಯುವ ಹೆಸರೇ ಹತ್ತನೆಯ ತರಗತಿಯ ಅಂಕಪಟ್ಟಿಯ ತನಕವೂ, ಅಲ್ಲಿಂದ ಮುಂದೆಯೂ ಅವಳನ್ನು ಹಿಂಬಾಲಿಸುವುದು. ಮನೆಯಲ್ಲಿ ಕರೆಯುವ ಹೆಸರನ್ನು ಅವಸರದಲ್ಲಿ ಬರೆಯಬೇಡಿರಿ. ಜನನ ಪತ್ರದಲ್ಲಿ ಹೇಗಿದೆಯೋ ಹಾಗೆಯೇ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ, ಇನಿಷಿಯಲ್ಲುಗಳು ಮುಂದೆಯೋ ಹಿಂದೆಯೋ ಎಂಬುದನ್ನೂ ನೋಡಿ ಬರೆಯಿರಿ. ಪರೀಕ್ಷೆಗೆ ಮೊದಲು ಹೆಸರುಗಳ ಪಟ್ಟಿಯನ್ನು ಪರಿಶೀಲಿಸಲು ನಾವು ಮನೆಗೆ ಕಳುಹಿಸುವ ಕಾಗದವನ್ನು ಓದದೆ ರುಜು ಮಾಡಿ ಹಿಂದಕ್ಕೆ ಕಳುಹಿಸುವವರು ಪ್ರತಿವರುಷವೂ ಇರುತ್ತಾರೆ. ಅವರು ಯಾರೆಂಬುದು ಅವರಿಗೇ ಗೊತ್ತು.

ಇನ್ನು ಈ ಸಂಚಿಕೆಯ ಪಟ್ಟಿಯ ವಿಷಯ. ಎರಡು ಪಟ್ಟಿಗಳಲ್ಲಿಯೂ ದೊರೆತವರ ಹೆಸರುಗಳನ್ನು ಸೇರಿದ ವರುಷದ ಪ್ರಕಾರ ಹಾಕಿದ್ದೇವೆ. ಒಂದೇ ಹೆಸರಿನವರು ಇಬ್ಬರಿದ್ದಲ್ಲಿ ಇಬ್ಬರ ಹೆಸರನ್ನೂ ಬೇರೆ ಬೇರೆ ಸಾಲುಗಳಲ್ಲಿ, ತಂದೆಯ ಹೆಸರಿನ ಮೊದಲಕ್ಷರದೊಡನೆ ಹಾಕಿದ್ದೇವೆ. ಅಚ್ಚಿನ ತಪ್ಪೆಂದು ಯಾರೂ ಭಾವಿಸಬಾರದು. ಮನುಷ್ಯರು ನೋಡತಕ್ಕದ್ದೆಂದು ಬೇರೆ ಕಟ್ಟಿದ ಹೆಸರುಗಳನ್ನು ಹಿರಿಯ ಉಪಾಧ್ಯಾಯಿನಿಯರು ನಾಲ್ಕು ಶನಿವಾರ ಕುಳಿತು, ನೆನಪಿದ್ದವರನ್ನು ವಿಚಾರಿಸಿ, ಸಾಧ್ಯವಾದಷ್ಟು ಬಗೆಹರಿಸಿದರು. ಬಗೆಹರಿಯದೆ ಉಳಿದಲ್ಲಿ, ಒಬ್ಬರನ್ನು ಬಿಡುವುದಕ್ಕಿಂತ ಒಬ್ಬರನ್ನು ಎರಡು ಸಲ ಹಾಕುವುದು ಲೇಸೆಂದು ನಿಶ್ಚಯಿಸಿ, ಎರಡು ಬರಹಗಳನ್ನೂ ಹಾಗೆಯೇ ಅಚ್ಚು ಮಾಡಿಸಿದೆವು. ಆದುದರಿಂದ ತಮ್ಮ ಹೆಸರನ್ನು ಎರಡು ಕಡೆ ಕಂಡವರು ಕೋಪಿಸಿಕೊಳ್ಳದೆ, ಅಡ್ಮಿಷನ್ ನಂಬರು ನೆನಪಿದ್ದರೆ ಅದನ್ನೂ, ಇಲ್ಲವಾದರೆ ಸೇರಿದ ವರುಷವನ್ನೂ ತಂದೆಯ ಹೆಸರನ್ನೂ ಬರೆದು, ಪಾಠಶಾಲೆಯ ಕಚೇರಿಗೆ ಒಂದು ಕಾಗದ ಹಾಕಬೇಕಾಗಿ ಕೋರುತ್ತೇನೆ.